ಎರಡು ಕಾರುಗಳ ನಡುವಿನ ವಿಕಲ್ಪ

ಭಾರತದಲ್ಲಿ ಮಾರಾಟವಾಗುವ ಕಾಂಪ್ಯಾಕ್ಟ್ ಎಸ್‌ಯುವಿಗಳು ಒಂದನ್ನೊಂದು ಹೋಲುವುದಕ್ಕೆ ವಿನ್ಯಾಸಕಾರರ ಅಭಿರುಚಿಗಿಂತ ತೆರಿಗೆಯ ನಿಯಮವೇ ಹೆಚ್ಚು ಕಾರಣ. 2006ರ ಕೇಂದ್ರ ಬಜೆಟ್ ಸಣ್ಣ ಕಾರುಗಳ ಸುಂಕವನ್ನು ಇಳಿಸಿ, ಸಣ್ಣ ಕಾರು ಎಂದರೆ ಯಾವುದು ಎಂಬುದಕ್ಕೆ ಒಂದು ಗೆರೆ ಹಾಕಿತು. ಉದ್ದ 4 ಮೀಟರ್ ಮೀರಬಾರದು. ಪೆಟ್ರೋಲ್ ಎಂಜಿನ್ 1200 ಸಿಸಿಯನ್ನೂ ಡೀಸೆಲ್ ಎಂಜಿನ್ 1500 ಸಿಸಿಯನ್ನೂ ದಾಟಬಾರದು. ಮುಂದೆ ಜಿಎಸ್‌ಟಿ ಬಂದರೂ ಈ ಗೆರೆ ಅಳಿಯಲಿಲ್ಲ. ಹೀಗಾಗಿ ಟಾಟಾ ನೆಕ್ಸಾನ್, ಮಾರುತಿ ಸುಜುಕಿ ಬ್ರೆಝಾ ಎರಡರ ಉದ್ದವೂ 3995 ಮಿಲಿಮೀಟರ್. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರದಲ್ಲಿ ಇರುವ ವ್ಯತ್ಯಾಸ ಎರಡೇ ಮಿಲಿಮೀಟರ್. ಇಷ್ಟು ಹತ್ತಿರದ ಎರಡು ವಸ್ತುಗಳಲ್ಲಿ ಒಂದನ್ನು ಆರಿಸುವವರು ಯಾವ ಆಧಾರದ ಮೇಲೆ ಆರಿಸುತ್ತಾರೆ, ಆ ಆಧಾರ ಮುಗಿದ ಮೇಲೂ ಆಯ್ಕೆಗೆ ವಿವೇಕ ಎಂಬ ಹೆಸರು ಸಲ್ಲುತ್ತದೆಯೇ ಎಂಬುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ.

ಮೊದಲು ನ್ಯಾಯದರ್ಶನ. ಗೌತಮನ ನ್ಯಾಯಸೂತ್ರ ತನ್ನ ಹದಿನಾರು ಪದಾರ್ಥಗಳಲ್ಲಿ ಸಂಶಯಕ್ಕೂ ಒಂದು ಸ್ಥಾನ ಕೊಟ್ಟಿದೆ. ಎರಡಕ್ಕೂ ಸಮಾನವಾದ ಧರ್ಮ ಕಾಣುತ್ತಿದ್ದು, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ವಿಶೇಷ ಕಾಣದಿದ್ದಾಗ ಸಂಶಯ ಹುಟ್ಟುತ್ತದೆ. ಮಬ್ಬು ಬೆಳಕಿನಲ್ಲಿ ದೂರದಲ್ಲಿ ನಿಂತಿರುವುದು ಮೋಟು ಮರವೋ ಮನುಷ್ಯನೋ ಎಂಬುದು ಇದಕ್ಕೆ ಶಾಸ್ತ್ರಕಾರರು ಕೊಡುವ ಉದಾಹರಣೆ. ಹತ್ತಿರ ಹೋಗಿ ಕೈಕಾಲು ಕಂಡರೆ ಸಂಶಯ ಮುಗಿದು ನಿರ್ಣಯವಾಗುತ್ತದೆ.

ಶೋರೂಮಿಗೆ ಹೋಗುವುದು, ಟೆಸ್ಟ್ ಡ್ರೈವ್ ಮಾಡುವುದು, ಎರಡು ಕಂಪನಿಗಳ ಕರಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವುದು ಇವೆಲ್ಲ ವಿಶೇಷವನ್ನು ಹುಡುಕುವ ಕೆಲಸವೇ, ಮತ್ತು ವಿಶೇಷಗಳು ಸಿಗುತ್ತವೆ. ನೆಕ್ಸಾನ್‌ನ ಪೆಟ್ರೋಲ್ ಎಂಜಿನ್ 1199 ಸಿಸಿಯದು, ಮೂರು ಸಿಲಿಂಡರ್, ಟರ್ಬೊ ಇದೆ. ಬ್ರೆಝಾದ್ದು 1462 ಸಿಸಿ, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ಮೊದಲನೆಯದು ಏರಿನಲ್ಲಿ ಚುರುಕು. ಎರಡನೆಯದು ನಗರದ ವಾಹನದಟ್ಟಣೆಯಲ್ಲಿ ನಯ, ಸದ್ದೂ ಕಡಿಮೆ. ಡಿಕ್ಕಿಯ ಅಳತೆ ನೆಕ್ಸಾನ್‌ನಲ್ಲಿ 382 ಲೀಟರ್, ಬ್ರೆಝಾದಲ್ಲಿ 328. ನೆಕ್ಸಾನ್‌ನಲ್ಲಿ ಡೀಸೆಲ್ ಎಂಜಿನ್ನೂ ಸಿಗುತ್ತದೆ, ಬ್ರೆಝಾದಲ್ಲಿ ಸಿಗದು. ಬ್ರೆಝಾದ ಬೆನ್ನಿಗೆ ಸಣ್ಣ ಊರುಗಳವರೆಗೂ ಹರಡಿದ ಸರ್ವಿಸ್ ಜಾಲವಿದೆ, ಮರುಮಾರಾಟದಲ್ಲಿ ಒಳ್ಳೆಯ ಬೆಲೆ ಬರುತ್ತದೆ ಎಂಬ ನಂಬಿಕೆಯೂ ಇದೆ. ಇನ್ನು ಸುರಕ್ಷತೆ: 2018ರಲ್ಲಿ ಗ್ಲೋಬಲ್ ಎನ್‌ಸಿಎಪಿ ನಡೆಸಿದ ಡಿಕ್ಕಿ ಪರೀಕ್ಷೆಗಳಲ್ಲಿ ನೆಕ್ಸಾನ್‌ಗೆ ಐದು ತಾರೆ, ಆಗಿನ ವಿಟಾರಾ ಬ್ರೆಝಾಗೆ ನಾಲ್ಕು ತಾರೆ ಸಿಕ್ಕವು. ಆದರೆ 2022ರಲ್ಲಿ ಬ್ರೆಝಾದ ಹೊಸ ತಲೆಮಾರು ಬಂತು. ಅದೇ ವರ್ಷ ಪರೀಕ್ಷೆಯ ನಿಯಮಗಳೂ ಬಿಗಿಯಾದವು. ಹಳೆಯ ತಾರೆಗಳನ್ನು ಹೊಸ ಗಾಡಿಯ ತಲೆಗೆ ಕಟ್ಟುವ ಹೋಲಿಕೆ ನ್ಯಾಯಶಾಸ್ತ್ರದ ದೃಷ್ಟಿಯಲ್ಲಿ ಹೇತ್ವಾಭಾಸವೇ, ಎಂದರೆ ಹುಸಿ ಕಾರಣವೇ ಸರಿ.

ಇಲ್ಲಿಯವರೆಗೆ ನ್ಯಾಯದ ದಾರಿ ಸಾಕು. ಆದರೆ ಮೋಟು ಮರದ ಉದಾಹರಣೆಗೂ ಕಾರಿನ ಆಯ್ಕೆಗೂ ಒಂದು ಮುಖ್ಯ ಭೇದವಿದೆ. ವಿಶೇಷ ತಿಳಿದ ಕೂಡಲೇ ಮರದ ಪ್ರಶ್ನೆ ಬಗೆಹರಿಯುತ್ತದೆ. ಕಾರಿನ ಪ್ರಶ್ನೆ ಅಲ್ಲೇ ಶುರುವಾಗುತ್ತದೆ. ಎರಡು ಗಾಡಿಗಳ ಬಗ್ಗೆ ತಿಳಿಯಬೇಕಾದದ್ದೆಲ್ಲ ತಿಳಿದಿದ್ದರೂ ಯಾವುದನ್ನು ಕೊಳ್ಳಬೇಕೆಂಬುದು ಉಳಿದೇ ಇರಬಹುದು. ಇದು ತಿಳಿವಿನ ಕೊರತೆಯಿಂದ ಬಂದ ಸಂಶಯವಲ್ಲ. ಇನ್ನೂ ಹತ್ತು ವಿಡಿಯೊ ನೋಡಿದರೆ ತೀರುವಂಥದ್ದೂ ಅಲ್ಲ.

ಹಾಗಾದರೆ ಎರಡೂ ಸಮವೇ? ಸಮವಾದ ಎರಡರ ನಡುವೆ ಸಿಕ್ಕಿಬಿದ್ದವನ ಚಿತ್ರ ಪಶ್ಚಿಮದ ಮತ್ತು ಇಸ್ಲಾಮೀ ಚಿಂತನೆಯಲ್ಲಿ ಹಲವು ಬಾರಿ ಬಂದಿದೆ. ಎರಡು ಸಮಾನ ಹುಲ್ಲಿನ ರಾಶಿಗಳ ನಡುವೆ ನಿರ್ಧರಿಸಲಾರದೆ ಹಸಿವಿನಿಂದ ಸತ್ತ ಕತ್ತೆಯನ್ನು ಹದಿನಾಲ್ಕನೆಯ ಶತಮಾನದ ಪ್ಯಾರಿಸ್ಸಿನ ಪಂಡಿತ ಬುರಿಡಾನ್‌ನ ಹೆಸರಿನಲ್ಲಿ ಹೇಳುವ ರೂಢಿಯಿದೆ, ಅವನ ಬರಹಗಳಲ್ಲಿ ಆ ಕತ್ತೆ ಎಲ್ಲೂ ಇಲ್ಲದಿದ್ದರೂ. ಅವನಿಗಿಂತ ಮುಂಚೆ ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಇಸ್ಲಾಮೀ ಚಿಂತಕ ಅಲ್ ಗಜಾಲಿ ಎರಡು ಸಮಾನ ಖರ್ಜೂರಗಳ ಉದಾಹರಣೆ ಕೊಟ್ಟು, ಸಮವಾದವುಗಳಲ್ಲಿ ಒಂದನ್ನು ಎತ್ತಿಕೊಳ್ಳುವ ಶಕ್ತಿಯೇ ಇಚ್ಛೆ ಎಂದು ವಾದಿಸಿದ. ತತ್ತ್ವಜ್ಞ ಇಬ್ನ್ ರುಶ್ದ್ ಅದನ್ನು ಒಪ್ಪಲಿಲ್ಲ. ಹಸಿದವನು ಈ ಖರ್ಜೂರ ಬೇಕೋ ಆ ಖರ್ಜೂರ ಬೇಕೋ ಎಂದು ಆರಿಸುತ್ತಿಲ್ಲ, ತಿನ್ನದಿರುವುದಕ್ಕಿಂತ ತಿನ್ನುವುದನ್ನು ಆರಿಸುತ್ತಿದ್ದಾನೆ ಎಂಬುದು ಅವನ ಉತ್ತರ. ಮನೆಯಲ್ಲಿ ಆಸ್ಪತ್ರೆಗೆ ಕರೆದೊಯ್ಯಬೇಕಾದ ವೃದ್ಧರಿದ್ದು, ಆರು ತಿಂಗಳಿಂದ ಕಾರಿನ ಹೋಲಿಕೆಯಲ್ಲೇ ಮುಳುಗಿರುವ ಕುಟುಂಬಕ್ಕೆ ಇಬ್ನ್ ರುಶ್ದ್‌ನ ಮಾತು ಚೆನ್ನಾಗಿ ಒಪ್ಪುತ್ತದೆ.

ಆದರೂ ಕಾರುಗಳು ಖರ್ಜೂರಗಳಲ್ಲ. ಅವು ನಿಜವಾಗಿ ಸಮವಾಗಿದ್ದರೆ ಒಂದರ ಮೇಲೆ ಐದು ಸಾವಿರ ರೂಪಾಯಿಯ ರಿಯಾಯಿತಿ ಸಿಕ್ಕ ಕ್ಷಣದಲ್ಲೇ ತೀರ್ಮಾನವಾಗಬೇಕಿತ್ತು. ಹಾಗಾಗುವುದಿಲ್ಲ. ರಿಯಾಯಿತಿ ಬಂದ ಮೇಲೂ ಹೊಯ್ದಾಟ ಹಾಗೇ ಉಳಿಯುತ್ತದೆ. ತತ್ತ್ವಜ್ಞ ಜೋಸೆಫ್ ರಾಜ್ 1986ರ ತಮ್ಮ ಗ್ರಂಥದಲ್ಲಿ ಇದನ್ನೇ ಲಕ್ಷಣವಾಗಿ ಹಿಡಿದು, ಇಂಥ ಮೌಲ್ಯಗಳನ್ನು ಒಂದೇ ಅಳತೆಗೋಲಿನಲ್ಲಿ ಅಳೆಯಲಾಗದು ಎಂದರು. ಇನ್ನೊಬ್ಬ ತತ್ತ್ವಜ್ಞೆ ರುತ್ ಚಾಂಗ್ 2002ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಮೇಲು, ಕೀಳು, ಸಮ ಎಂಬ ಮೂರೇ ಸಂಬಂಧಗಳಿವೆ ಎಂದು ಏಕೆ ಭಾವಿಸಬೇಕು? ಹೋಲಿಸಲು ಸಾಧ್ಯವಿದ್ದೂ ಈ ಮೂರರಲ್ಲಿ ಯಾವುದಕ್ಕೂ ಸೇರದ ನಾಲ್ಕನೆಯ ಸಂಬಂಧವೊಂದಿದೆ, ಸರಿಸಾಟಿಯಾಗಿರುವುದು ಎಂದರೆ ಅದು. ಟರ್ಬೊದ ಚುರುಕು, ಹತ್ತಿರದ ಸರ್ವಿಸ್ ಸೆಂಟರಿನ ನೆಮ್ಮದಿ ಬೇರೆ ಬೇರೆ ಜಾತಿಯ ಒಳಿತುಗಳು. ಒಂದಷ್ಟು ರೂಪಾಯಿ ಸೇರಿಸಿ ಒಂದನ್ನು ಇನ್ನೊಂದರ ಮೇಲೆ ಏರಿಸಲು ಬರುವುದಿಲ್ಲ.

ಅಂಕಪಟ್ಟಿ ಹಾಕುವವರು ಮರೆಯುವುದು ಇದನ್ನೇ. ಬೆಂಜಮಿನ್ ಫ್ರಾಂಕ್ಲಿನ್ 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿಗೆ ಬರೆದ ಪತ್ರದಲ್ಲಿ ಕಾಗದದ ನಡುವೆ ಗೆರೆ ಎಳೆದು, ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ ಬರೆದು, ಸಮತೂಕದವನ್ನು ಹೊಡೆದುಹಾಕುತ್ತ ಹೋಗುವ ವಿಧಾನವನ್ನು ವಿವರಿಸಿದ್ದ. ಮರೆತದ್ದನ್ನು ನೆನಪಿಸಿಕೊಳ್ಳಲು ವಿಧಾನ ಒಳ್ಳೆಯದು. ಆದರೆ ಮೈಲೇಜಿಗೆ ಎಷ್ಟು ಅಂಕ, ಡಿಕ್ಕಿಗೆ ಎಷ್ಟು ಅಂಕ ಎಂಬುದನ್ನು ಪಟ್ಟಿ ತಾನಾಗಿ ಹೇಳದು, ಬರೆಯುವವರೇ ಹಾಕಬೇಕು. ಬಹಳಷ್ಟು ಸಲ ಮನಸ್ಸು ಒಂದು ಗಾಡಿಯ ಕಡೆ ವಾಲಿದ ಮೇಲೆ ಅಂಕಗಳು ಅದರ ಹಿಂದೆ ಬರುತ್ತವೆ. ಪಟ್ಟಿಯಲ್ಲಿ ಇನ್ನೊಂದು ಖಾಲಿ ಜಾಗವೂ ಇದೆ: ಗಾಡಿಯ ಹೊರಗಿರುವವರದ್ದು. ಜಾಹೀರಾತಿನಲ್ಲಿ ಮೆರೆಯುವ ತಾರೆಗಳು ಮುಖ್ಯವಾಗಿ ಒಳಗೆ ಕುಳಿತವರ ರಕ್ಷಣೆಯನ್ನು ಅಳೆಯುತ್ತವೆ. ಎತ್ತರದ ಬಾನೆಟ್ಟಿನ ಎದುರು ರಸ್ತೆ ದಾಟುವವರ ಲೆಕ್ಕ ಅಲ್ಲಿ ಎದ್ದು ಕಾಣುವುದಿಲ್ಲ. ಈ ಧರ್ಮಪ್ರಶ್ನೆ ನೆಕ್ಸಾನ್ ಮತ್ತು ಬ್ರೆಝಾಗಳ ನಡುವಿನದ್ದಲ್ಲ, ಎಸ್‌ಯುವಿ ಬೇಕೇ ಎಂಬ ಅದಕ್ಕಿಂತ ಮುಂಚಿನ ಪ್ರಶ್ನೆಗೆ ಸೇರಿದ್ದು. ಆ ಪ್ರಶ್ನೆಯನ್ನು ಕೇಳಿಕೊಳ್ಳದೆಯೇ ಬಹುತೇಕ ಖರೀದಿಗಳು ನಡೆದುಹೋಗುತ್ತವೆ.

ಆಧಾರ ಮುಗಿದ ಮೇಲೆ ಆರಿಸುವ ಬಗೆಯನ್ನು ಎಲ್ಲರಿಗಿಂತ ಕೂಲಂಕಷವಾಗಿ ಯೋಚಿಸಿದವರು ವೇದವಿಧಿಗಳ ಅರ್ಥವನ್ನು ನಿರ್ಣಯಿಸುವ ಪೂರ್ವಮೀಮಾಂಸಕರು. ದರ್ಶಪೂರ್ಣಮಾಸ ಯಾಗದ ಪುರೋಡಾಶಕ್ಕೆ, ಎಂದರೆ ಹವಿಸ್ಸಿನ ರೊಟ್ಟಿಗೆ, ಒಂದು ವಿಧಿ ವ್ರೀಹಿಯನ್ನು, ಎಂದರೆ ಭತ್ತವನ್ನು ಹೇಳುತ್ತದೆ. ಇನ್ನೊಂದು ಯವವನ್ನು, ಎಂದರೆ ಜವೆಗೋಧಿಯನ್ನು ಹೇಳುತ್ತದೆ. ಎರಡೂ ವೇದವಾಕ್ಯಗಳೇ, ಎರಡರ ಪ್ರಯೋಜನವೂ ಒಂದೇ. ಇಲ್ಲಿ ವಿಕಲ್ಪವನ್ನು, ಎಂದರೆ ಎರಡರಲ್ಲಿ ಯಾವುದಾದರೂ ಒಂದು ಸಾಕು ಎಂಬುದನ್ನು, ಒಪ್ಪದೆ ಗತಿಯಿಲ್ಲ. ಆದರೆ ಮೀಮಾಂಸಕರು ಸಂತೋಷದಿಂದ ಒಪ್ಪಿದವರಲ್ಲ. ವಿಕಲ್ಪಕ್ಕೆ ಎಂಟು ದೋಷಗಳಿವೆ ಎಂದು ಅವರು ಎಣಿಸಿಟ್ಟಿದ್ದಾರೆ. ಭತ್ತವನ್ನು ಹಿಡಿದಾಗ ಯವವಾಕ್ಯದ ಪ್ರಾಮಾಣ್ಯವನ್ನು ಬಿಡಬೇಕು, ಅದಕ್ಕಿಲ್ಲದ ಅಪ್ರಾಮಾಣ್ಯವನ್ನು ಒಪ್ಪಬೇಕು. ಮುಂದೊಮ್ಮೆ ಯವವನ್ನು ಹಿಡಿದಾಗ ಬಿಟ್ಟದ್ದನ್ನು ಮತ್ತೆ ಹಿಡಿಯಬೇಕು, ಒಪ್ಪಿದ್ದನ್ನು ಬಿಡಬೇಕು. ವ್ರೀಹಿವಾಕ್ಯಕ್ಕೂ ಹೀಗೇ ನಾಲ್ಕು. ಆದ್ದರಿಂದ ಬೇರೆ ದಾರಿ ಇರುವವರೆಗೂ ವಿಕಲ್ಪಕ್ಕೆ ಕೈ ಹಾಕಬಾರದು ಎಂಬುದು ನಿಯಮ.

ಆ ಬೇರೆ ದಾರಿಗಳಲ್ಲಿ ಒಂದು ವ್ಯವಸ್ಥೆ: ಈ ಸಂದರ್ಭಕ್ಕೆ ಇದು, ಆ ಕರ್ತೃವಿಗೆ ಅದು ಎಂದು ಹಂಚಿಬಿಡುವುದು. ಅಗ್ನಿಹೋತ್ರವನ್ನು ಸೂರ್ಯೋದಯಕ್ಕೆ ಮುಂಚೆ ಮಾಡಬೇಕೋ ನಂತರವೋ ಎಂಬುದನ್ನು ಅವರವರ ಶಾಖೆಯ ಆಚಾರಕ್ಕೆ ಬಿಡುವುದು ಈ ಬಗೆಯದು. ಕಾರಿನ ಗೊಂದಲಗಳಲ್ಲೂ ಹೆಚ್ಚಿನವು ಇಲ್ಲಿಗೇ ಮುಗಿಯಬೇಕು. ವಾರವಾರವೂ ಆಗುಂಬೆಯೋ ಚಾರ್ಮಾಡಿಯೋ ಹತ್ತಬೇಕಾದವರಿಗೂ, ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದಿನವೂ ತೆವಳುವವರಿಗೂ ಒಂದೇ ಗಾಡಿ ಒಳ್ಳೆಯದಾಗಬೇಕಿಲ್ಲ. ತೆರಿಗೆಯೂ ಒಂದು ವ್ಯವಸ್ಥೆಯನ್ನು ಮಾಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18, ಮಿತಿ ಮೀರಿದವಕ್ಕೆ ಶೇ. 40. ಬ್ರೆಝಾ ಉದ್ದದ ಮಿತಿಯೊಳಗಿದ್ದರೂ 1462 ಸಿಸಿಯ ಎಂಜಿನ್‌ನಿಂದಾಗಿ ಎರಡನೆಯ ಗುಂಪಿಗೆ ಬೀಳುತ್ತದೆ. ಬಜೆಟ್ ಬಿಗಿಯಾಗಿರುವವರಿಗೆ ಇದು ಸಣ್ಣ ಭೇದವಲ್ಲ.

ಇಷ್ಟೆಲ್ಲ ಆದ ಮೇಲೂ ಎರಡು ಗಾಡಿಗಳು ಸರಿಸಾಟಿಯಾಗಿ ಉಳಿದರೆ ಅದು ನಿಜವಾದ ವಿಕಲ್ಪ. ಆಗ ಕರ್ತೃವಿನ ಇಚ್ಛೆಯೇ ನಿರ್ಣಾಯಕ, ಮತ್ತು ಶಾಸ್ತ್ರ ಅದನ್ನು ಕೊರತೆಯೆಂದು ನೋಡುವುದಿಲ್ಲ. ಭತ್ತದಿಂದ ಮಾಡಿದ ಯಾಗ ಯವದಿಂದ ಮಾಡಿದ್ದಕ್ಕಿಂತ ಒಂದು ಗುಂಜಿಯೂ ಕಡಿಮೆಯಲ್ಲ. ಬಣ್ಣ ಹಿಡಿಸಿತು, ಬಾಗಿಲು ಮುಚ್ಚುವ ಸದ್ದು ಹಿತವೆನಿಸಿತು ಎಂಬ ಕಾರಣಕ್ಕೆ ಈ ಹಂತದಲ್ಲಿ ಒಂದನ್ನು ಆರಿಸಿದವರನ್ನು ಅವಿವೇಕಿಗಳು ಎನ್ನಲು ಬರುವುದಿಲ್ಲ. ಅದೇ ಕಾರಣವನ್ನು ಮೊದಲ ದಿನವೇ ಕೊಟ್ಟಿದ್ದರೆ ಮಾತು ಬೇರೆ.

ಇಚ್ಛೆಗೆ ಬಿಟ್ಟ ಮೀಮಾಂಸಕರು ಆಯ್ಕೆಯ ನಂತರ ಮಾತ್ರ ಕಟ್ಟುನಿಟ್ಟು. ಭತ್ತದಿಂದ ಆರಂಭಿಸಿದ ಯಾಗದಲ್ಲಿ ನಡುವೆ ಭತ್ತ ಸಿಗದಂತಾದರೆ ಯವದ ಕಡೆ ತಿರುಗುವಂತಿಲ್ಲ. ಯವವೂ ವಿಹಿತವೇ ಆಗಿದ್ದರೂ ಇಲ್ಲ. ಭತ್ತವನ್ನೇ ಹೋಲುವ ನೀವಾರವನ್ನು, ಎಂದರೆ ಕಾಡುಭತ್ತವನ್ನು ಪ್ರತಿನಿಧಿಯಾಗಿ ತರಬೇಕು. ಆರಿಸಿದ ಮೇಲೆ ಬರುವ ಕೊರತೆಯನ್ನು ಆರಿಸಿದ್ದರ ಒಳಗಿನಿಂದಲೇ ತುಂಬಿಕೊಳ್ಳಬೇಕೆಂಬುದು ಇದರ ತಿರುಳು. ಡಿಕ್ಕಿ ಸಾಲದಿದ್ದರೆ ಮೇಲೊಂದು ಕ್ಯಾರಿಯರ್ ಹಾಕಿಸಬಹುದು, ಸರ್ವಿಸ್ ಸೆಂಟರ್ ದೂರವಾದರೆ ಮುಂಚಿತವಾಗಿ ದಿನ ಗೊತ್ತುಮಾಡಿಕೊಳ್ಳಬಹುದು. ಬಿಟ್ಟ ಗಾಡಿಯ ವಿಮರ್ಶೆಗಳನ್ನು ಮತ್ತೆ ತೆರೆದು ಕೂರುವುದು ಈ ನಿಯಮಕ್ಕೆ ಹೊರಗು. ಆದರೆ ನಿಯಮದ ವ್ಯಾಪ್ತಿ ಆ ಒಂದು ಪ್ರಯೋಗಕ್ಕೆ ಮಾತ್ರ. ಮುಂದಿನ ಸಲ ಯಾಗಕ್ಕೆ ಕೂರುವ ಯಜಮಾನನ ಮುಂದೆ ಭತ್ತವೂ ಯವವೂ ಮತ್ತೆ ಸರಿಸಮನಾಗಿ ನಿಲ್ಲುತ್ತವೆ, ಹಿಂದಿನ ಆಯ್ಕೆ ಅವನನ್ನು ಕಟ್ಟಿಹಾಕುವುದಿಲ್ಲ.