ಕುದುರೆಗೆ ಗೊತ್ತಿಲ್ಲದ ಪರೀಕ್ಷೆ

ಇಪ್ಪತ್ತೆಂಟು ವರ್ಷದ ಬದುಕಿನಲ್ಲಿ ಎಷ್ಟು ಪರೀಕ್ಷೆ ಬರೆದಿದ್ದೇನೋ ಲೆಕ್ಕವಿಲ್ಲ. ಬಹುಪಾಲು ಮರೆತುಹೋಗಿವೆ. ಒಂದು ಮಾತ್ರ ಆಗಾಗ ಎದುರು ಬಂದು ನಿಲ್ಲುತ್ತದೆ. ಪದವಿಯ ಮೂರನೇ ವರ್ಷದಲ್ಲಿ ಎನ್‌ಸಿಸಿಯ ‘ಸಿ’ ಪ್ರಮಾಣಪತ್ರಕ್ಕಾಗಿ ಎದುರಿಸಿದ ಕುದುರೆ ಸವಾರಿಯ ಪ್ರಾಯೋಗಿಕ ಪರೀಕ್ಷೆ ಅದು. ನಾನು ಫೇಲಾಗಲಿಲ್ಲ, ಒಳ್ಳೆಯ ಅಂಕವೇ ಬಂತು. ಆದರೂ ಅಲ್ಲಿ ಏನೋ ತಪ್ಪು ಮಾಡಿದೆ ಎಂಬ ಅಳುಕು ಇಷ್ಟು ವರ್ಷವಾದರೂ ಹೋಗಿಲ್ಲ.

ಎನ್‌ಸಿಸಿ ಎಂದರೆ ಬಂದೂಕು, ಪರೇಡು ಎಂದಷ್ಟೇ ಹಲವರಿಗೆ ಗೊತ್ತು. ಅದರಲ್ಲಿ ರಿಮೌಂಟ್ ಅಂಡ್ ವೆಟರ್ನರಿ ಎಂಬ ಸಣ್ಣ ವಿಭಾಗವೊಂದಿದೆ. ಅಲ್ಲಿ ಕುದುರೆಯೇ ಪಠ್ಯ. ಮೊದಮೊದಲು ಹತ್ತುವ ಮಾತೇ ಇರಲಿಲ್ಲ. ಬೆಳಗಾಗುವ ಮುಂಚೆ ಲಾಯಕ್ಕೆ ಹೋಗಿ ಮೈ ಉಜ್ಜಬೇಕು. ಗೊರಸು ಎತ್ತಿ, ಹಿಮ್ಮಡಿಯ ಕಡೆಯಿಂದ ತುದಿಯತ್ತ ಕೊಕ್ಕೆ ಎಳೆದು ಮಣ್ಣು ತೆಗೆಯಬೇಕು. ಕಣ್ಣುಗಳು ತಲೆಯ ಅಕ್ಕಪಕ್ಕದಲ್ಲಿರುವುದರಿಂದ ಕುದುರೆಗೆ ಸುತ್ತಲಿನದೆಲ್ಲ ಹೆಚ್ಚುಕಡಿಮೆ ಕಾಣುತ್ತದೆ. ಮೂಗಿನ ನೇರಕ್ಕೆ ತೀರಾ ಹತ್ತಿರ ಇರುವುದು ಮತ್ತು ಬಾಲದ ಹಿಂದಿರುವುದು ಮಾತ್ರ ಕಾಣುವುದಿಲ್ಲ. ಆದ್ದರಿಂದ ಹಿಂದಿನಿಂದ ಸದ್ದಿಲ್ಲದೆ ಹೋಗಬಾರದು. ಜೀನಿನ ಪಟ್ಟಿ ಬಿಗಿಯುವಾಗ ಕೆಲವು ಕುದುರೆಗಳು ಹೊಟ್ಟೆ ಉಬ್ಬಿಸಿಕೊಳ್ಳುತ್ತವೆ; ನಾಲ್ಕು ಹೆಜ್ಜೆ ನಡೆಸಿ ಮತ್ತೊಮ್ಮೆ ಬಿಗಿಯದಿದ್ದರೆ ಜೀನಿನ ಜತೆ ಸವಾರನೂ ಪಕ್ಕಕ್ಕೆ ಜಾರುತ್ತಾನೆ.

ನಮಗೆ ಕಲಿಸುತ್ತಿದ್ದ ಉಸ್ತಾದರು ಹಿಂದಿಯವರು. ದಿನವಿಡೀ ಅವರದು ಒಂದೇ ಕೂಗು: ‘ಏಡಿ ನೀಚೆ!’ ಹಿಮ್ಮಡಿ ಕೆಳಗಿರಲಿ ಎಂದು ಅದರ ಅರ್ಥ. ನನಗೆ ಮೊದಲ ವಾರವಿಡೀ ಗದ್ದೆಯ ಏಡಿಯೇ ಕಣ್ಮುಂದೆ ಬರುತ್ತಿತ್ತು. ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿರಬೇಕು. ನಡಿಗೆಯಲ್ಲಿ ಗೊರಸಿನ ನಾಲ್ಕು ಸದ್ದು, ಟ್ರಾಟ್‌ನಲ್ಲಿ ಎರಡು, ಕ್ಯಾಂಟರ್‌ನಲ್ಲಿ ಮೂರು. ಆ ಲೆಕ್ಕ ಕಿವಿಗಿಂತ ಮೊದಲು ಬೆನ್ನುಮೂಳೆಗೆ ತಿಳಿಯಬೇಕು. ಟ್ರಾಟ್‌ನಲ್ಲಿ ಕುದುರೆಯ ಹೊರಬದಿಯ ಭುಜ ಮುಂದೆ ಹೋದಾಗ ಏಳಬೇಕು, ಹಿಂದೆ ಬಂದಾಗ ಕೂರಬೇಕು. ಇದೆಲ್ಲ ಪುಸ್ತಕದಲ್ಲಿ ಅರ್ಧ ಪುಟದ ವಿಷಯ. ನನ್ನ ದೇಹಕ್ಕೆ ಎರಡು ವರ್ಷ ಬೇಕಾಯಿತು.

ನನ್ನ ಪಾಲಿಗೆ ಹೆಚ್ಚಾಗಿ ಬರುತ್ತಿದ್ದದ್ದು ಶಬನಂ ಎಂಬ ಕಂದು ಬಣ್ಣದ ಹೆಣ್ಣು ಕುದುರೆ. ವಯಸ್ಸಾಗಿತ್ತು, ಸಾಧು. ಪರೀಕ್ಷೆಯ ಹಿಂದಿನ ಸಂಜೆ ಅದು ಕ್ಯಾಂಟರ್‌ಗೆ ಬರಲೇ ಇಲ್ಲ. ಕಾಲಿನಿಂದ ಒತ್ತಿದೆ, ಟ್ರಾಟ್ ಮಾಡಿತು. ಜೋರಾಗಿ ಒತ್ತಿದೆ, ಇನ್ನೂ ಬಿರುಸಾಗಿ ಟ್ರಾಟ್ ಮಾಡಿತು. ನಾಳೆಯ ಅಂಕಪಟ್ಟಿ ಕಣ್ಣೆದುರು ಬಂತು. ಕೈಯಲ್ಲಿದ್ದ ಕೋಲಿನಿಂದ ಎರಡು ಬಾರಿಸಿದೆ. ಶಬನಂ ಓಡಿತು.

ಮಾರನೆಯ ಬೆಳಿಗ್ಗೆ ಕಡಿವಾಣ ತೊಡಿಸಲು ಕೈ ಎತ್ತಿದಾಗ ಅದು ಮುಖ ಆಚೆ ತಿರುಗಿಸಿತು. ಎರಡು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿರಲಿಲ್ಲ. ಆಮೇಲೆ ಮೈದಾನದಲ್ಲಿ ಹೇಳಿದ್ದೆಲ್ಲ ಮಾಡಿತು, ಕ್ಯಾಂಟರ್ ಕೂಡ. ನಾನು ಪಾಸಾದೆ. ಗೆಳೆಯರು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಉಸ್ತಾದರು ನನ್ನನ್ನು ಕರೆದು, ಕೆಳಗಿಳಿದು ಅದನ್ನು ಕೈಯಲ್ಲೇ ಹಿಡಿದು ಇಪ್ಪತ್ತು ನಿಮಿಷ ನಡೆಸಿ ಬಾ ಎಂದರು. ಹಿಂದಿನ ಸಂಜೆ ಅವರು ನೋಡಿದ್ದರೋ ಇಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ.

ಇಷ್ಟಕ್ಕೇಕೆ ಇಷ್ಟು ದೊಡ್ಡ ಚಿಂತೆ ಎಂದು ನೀವು ಕೇಳಬಹುದು. ಕೋಲು ಸವಾರಿಯ ಸಲಕರಣೆಗಳಲ್ಲೊಂದು. ಕಾಲಿನ ಮಾತು ಮುಟ್ಟದಾಗ ಅದನ್ನು ನೆನಪಿಸಲು ಬಳಸುವುದನ್ನು ನಮಗೆ ಕಲಿಸಿಯೇ ಇದ್ದರು. ನಿಜ. ನನ್ನ ಅಳುಕು ಪೆಟ್ಟಿನ ನೋವಿನ ಪ್ರಮಾಣದ ಬಗ್ಗೆ ಅಲ್ಲ, ಪೆಟ್ಟಿನ ಕಾರಣದ ಬಗ್ಗೆ. ಆ ಸಂಜೆ ಗಾಬರಿಯಲ್ಲಿ ನಾನು ಲಗಾಮನ್ನು ಬಿಗಿಯಾಗಿ ಎಳೆದು ಹಿಡಿದಿದ್ದೆ ಎಂಬುದು ರಾತ್ರಿ ಮಲಗಿದಾಗ ಹೊಳೆಯಿತು. ಕಾಲು ‘ಹೋಗು’ ಎನ್ನುತ್ತಿತ್ತು, ಕೈ ‘ನಿಲ್ಲು’ ಎನ್ನುತ್ತಿತ್ತು. ಎರಡೂ ಆಜ್ಞೆಗಳನ್ನು ಸಾಧ್ಯವಾದಷ್ಟು ಪಾಲಿಸಿದ್ದಕ್ಕೆ ಅದಕ್ಕೆ ಶಿಕ್ಷೆಯಾಯಿತು.

ಕಠೋಪನಿಷತ್ತಿನ ರಥದ ರೂಪಕ ನಮಗೆಲ್ಲ ಗೊತ್ತಿರುವುದೇ. ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು. ಪ್ಲೇಟೋ ಕೂಡ ‘ಫೀಡ್ರಸ್’ನಲ್ಲಿ ಆತ್ಮವನ್ನು ಎರಡು ಕುದುರೆಗಳ ರಥಕ್ಕೆ ಹೋಲಿಸುತ್ತಾನೆ, ಒಂದು ಸಾಧು, ಇನ್ನೊಂದು ಪುಂಡ. ಇಬ್ಬರಲ್ಲೂ ಲಗಾಮು ಹಿಡಿದವನ ಕಡೆ ವಿವೇಕ, ಅಂಕೆ ತಪ್ಪುವ ಭಯವೆಲ್ಲ ಕುದುರೆಯ ಕಡೆಯಿಂದ. ರೂಪಕವಾಗಿ ಇದು ಸರಿಯೇ. ಆದರೆ ನಿಜವಾದ ಕುದುರೆಯ ಮೇಲೆ ಕೂತ ಆ ಸಂಜೆ ಅಂಕೆ ತಪ್ಪಿದ್ದು ಯಾರು? ಲಗಾಮು ಹಿಡಿದ ನಾನೇ.

ಕುದುರೆಯ ಮುಂದೆ ಮುಚ್ಚಿಟ್ಟುಕೊಳ್ಳುವುದೂ ಕಷ್ಟ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಲೆಕ್ಕ ಮಾಡುತ್ತದೆಂದು ಹೆಸರಾಗಿತ್ತು. ಗಣಿತದ ಮೇಷ್ಟರಾಗಿದ್ದ ಅದರ ಒಡೆಯ ಪ್ರಶ್ನೆ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1907ರಲ್ಲಿ ಆಸ್ಕರ್ ಫುಂಗ್‌ಸ್ಟ್ ಎಂಬ ಸಂಶೋಧಕ ಗುಟ್ಟು ಬಿಡಿಸಿದ. ಪ್ರಶ್ನೆ ಕೇಳುವವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ ತಮಗರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹಾನ್ಸ್ ಅದನ್ನು ಓದುತ್ತಿತ್ತು. ಮೋಸ ಯಾರೂ ಮಾಡಿರಲಿಲ್ಲ. ಪರೀಕ್ಷೆ ಕುದುರೆಯದೆಂದು ಎಲ್ಲರೂ ಭಾವಿಸಿದ್ದರು, ಬಯಲಾದದ್ದು ಮನುಷ್ಯರ ಮೈ.

ನನ್ನ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಶಬನಂಗೆ ಅಂದು ಪರೀಕ್ಷೆ ಎಂಬುದೇ ಗೊತ್ತಿರಲಿಲ್ಲ. ಅದು ಅರ್ಜಿ ತುಂಬಿರಲಿಲ್ಲ, ಅದಕ್ಕೆ ಪ್ರಮಾಣಪತ್ರ ಬರುವುದೂ ಇರಲಿಲ್ಲ. ನನ್ನ ಗೆಲುವಿಗೆ ಅನಿವಾರ್ಯವಾದ, ಆದರೆ ಆ ಗೆಲುವಿನಲ್ಲಿ ಪಾಲಿಲ್ಲದ ಜೀವವೊಂದಕ್ಕೆ ನಾನು ಏನು ಸಲ್ಲಿಸಬೇಕು?

ಸವಾರಿಯನ್ನೇ ಬಿಡಬೇಕು ಎಂದು ಹೇಳುವವರಿದ್ದಾರೆ. ಒಪ್ಪಿಗೆ ಕೇಳಲಾಗದ ಪ್ರಾಣಿಯ ಬೆನ್ನೇರುವುದೇ ತಪ್ಪು ಎಂಬ ಅವರ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಲಾಯದಲ್ಲಿದ್ದ ಕುದುರೆಗಳು ಆಗಲೇ ನಮ್ಮ ನಡುವೆ ಇದ್ದವು. ಅವುಗಳ ನೀರು, ಹುಲ್ಲು, ಗೊರಸು ನಮ್ಮ ಕೈಯಲ್ಲಿದ್ದವು. ಕೈ ತೊಳೆದುಕೊಂಡರೆ ಋಣ ಮುಗಿಯುವುದಿಲ್ಲ. ಆದ್ದರಿಂದ ನನಗೆ ಸಿಕ್ಕಿರುವ ಉತ್ತರ ಚಿಕ್ಕದು. ಕುದುರೆಗೆ ಪರೀಕ್ಷೆಯ ದಿನ ಎಂಬುದಿಲ್ಲ. ಎಲ್ಲ ದಿನವೂ ಅದಕ್ಕೆ ಒಂದೇ, ಅದೇ ಕೈ, ಅದೇ ಬೆನ್ನಿನ ಭಾರ. ನಾಳೆಯ ಅಂಕಕ್ಕಾಗಿ ಇವತ್ತು ಬೇರೆ ಮನುಷ್ಯನಾಗುವ ಹಕ್ಕು ಸವಾರನಿಗೆ ಇಲ್ಲ. ಅಂಥ ಪರೀಕ್ಷೆಗೆ ತಯಾರಿ ಎಂದರೆ, ಅದು ಕೆಟ್ಟುಹೋದರೆ ಫೇಲಾಗಲು ತಯಾರಾಗಿರುವುದೂ ಹೌದು.

ಶ್ರೀ ಅರವಿಂದರು 1890ರಲ್ಲಿ ಐಸಿಎಸ್‌ನ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕೊನೆಗೆ ಕುದುರೆ ಸವಾರಿಯ ಪರೀಕ್ಷೆಯಿಂದಾಗಿ ಆ ಸೇವೆಯಿಂದ ಹೊರಗುಳಿದರು. ಬ್ರಿಟಿಷರ ಸೇವೆ ಬೇಡವಾಗಿದ್ದ ತಾವೇ ಹಾಗಾಗುವಂತೆ ನೋಡಿಕೊಂಡದ್ದಾಗಿ ಅವರು ಮುಂದೆ ಹೇಳಿಕೊಂಡರು. ಅವರ ಕಾರಣ ಬೇರೆ, ನನ್ನ ಮಟ್ಟ ಬೇರೆ. ಆದರೂ ಒಂದು ಪರೀಕ್ಷೆಯನ್ನು ಕಳೆದುಕೊಳ್ಳುವುದು ಕೆಲವೊಮ್ಮೆ ಸರಿಯಾದ ಆಯ್ಕೆಯಾಗಿರಬಹುದು ಎಂಬುದು ಇಪ್ಪತ್ತೊಂದರ ಪ್ರಾಯದಲ್ಲಿ ನನಗೆ ಹೊಳೆದೇ ಇರಲಿಲ್ಲ.

ಈಗ ನಾನು ಪಿಎಚ್‌ಡಿಗಾಗಿ ಊರೂರು ತಿರುಗಿ ಹಾಡು ಸಂಗ್ರಹಿಸುತ್ತೇನೆ. ಕಳೆದ ಬೇಸಿಗೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಎರಡು ಗಂಟೆ ಬೀಸುವ ಪದ ಹೇಳಿದರು. ನನ್ನ ಅಧ್ಯಾಯಕ್ಕೆ ಇನ್ನೊಂದು ಪದ ಬೇಕಿತ್ತು. ‘ಇದೊಂದು ಹೇಳಿಬಿಡಿ ಅಜ್ಜಿ’ ಎಂದೆ. ಅವರು ಇಲ್ಲ ಎನ್ನಲಿಲ್ಲ. ಸುಮ್ಮನೆ ಮುಖ ಕಿಟಕಿಯ ಕಡೆ ತಿರುಗಿಸಿ, ಉಸಿರು ಎಳೆದುಕೊಂಡರು. ಆ ತಿರುವು ನನಗೆ ಪರಿಚಿತವಾಗಿತ್ತು. ರೆಕಾರ್ಡರ್ ಆರಿಸಿ, ಅಡುಗೆಮನೆಯಿಂದ ಒಂದು ಲೋಟ ನೀರು ತಂದುಕೊಟ್ಟೆ. ಅಧ್ಯಾಯದಲ್ಲಿ ಆ ಪದದ ಜಾಗ ಇನ್ನೂ ಖಾಲಿ ಇದೆ.