ಉಚಿತವೆಂದರೇನು?

ಬ್ಯಾಂಕಿನ ಗುಮಾಸ್ತನಿಗೆ ಲೆಕ್ಕಕ್ಕೆ ಸಿಗದ ವಸ್ತುವೆಂದರೆ ತುಸು ಅನುಮಾನ. ಕೊಟ್ಟದ್ದು ಒಂದು ಕಡೆ, ಪಡೆದದ್ದು ಇನ್ನೊಂದು ಕಡೆ ನಮೂದಾಗಲೇಬೇಕು ಎಂಬುದು ನಮ್ಮ ವೃತ್ತಿಧರ್ಮ. ಹಾಗಿರುವಾಗ ಬೆಲೆಯಿಲ್ಲದೆ ದೊರೆತದ್ದಕ್ಕೆ ನಾವು ಋಣಿಗಳೇ? ಹೌದಾದರೆ ಆ ಋಣವನ್ನು ತೀರಿಸುವುದು ಯಾರಿಗೆ?

2018ರಲ್ಲಿ ಲಂಡನ್ನಿನ ತಂಗಿಯ ಮನೆಗೆ ಹೋಗಿದ್ದಾಗ ಈ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಬ್ಯಾಂಕ್ ಆಫ್ ಇಂಗ್ಲೆಂಡನ್ನು ಹೊರಗಿನಿಂದಲಾದರೂ ನೋಡಬೇಕೆಂದು ಒಂದು ಸೋಮವಾರ ಹೊರಟೆ. ಅದರ ಹತ್ತಿರದಲ್ಲೇ ಕಾರ್ನ್‌ಹಿಲ್ ಬೀದಿ, ಅಲ್ಲಿ ಸೈಂಟ್ ಮೈಕೇಲ್ ಇಗರ್ಜಿ. ಮಧ್ಯಾಹ್ನ ಒಂದು ಗಂಟೆಗೆ ಆರ್ಗನ್ ವಾದನ, ಪ್ರವೇಶ ಉಚಿತ ಎಂದು ತಿಳಿದು ಒಳಗೆ ಹೋಗಿ ಕುಳಿತೆ.

ಆರ್ಗನ್ ನಮ್ಮ ಹಾರ್ಮೋನಿಯಂನಂತೆ ಗಾಳಿಯಿಂದ ನುಡಿಯುವ ವಾದ್ಯ. ಆದರೆ ಇಲ್ಲಿ ಗಾಳಿ ಸಾಲು ಸಾಲು ಕೊಳವೆಗಳನ್ನು ಹೊಕ್ಕು ನಾದವಾಗುತ್ತದೆ. ಸ್ವರ ನುಡಿಸುವ ಕೆಲಸ ಕೈಗಳಿಗಷ್ಟೇ ಅಲ್ಲ, ಕಾಲುಗಳಿಗೂ ಉಂಟು. ಮಂದ್ರಸ್ವರ ನಾನು ಕುಳಿತ ಬೆಂಚನ್ನೂ ನಡುಗಿಸುತ್ತಿತ್ತು. ವಾದಕರ ಮುಖ ನನಗೆ ಕಾಣಲೇ ಇಲ್ಲ. ಕಚೇರಿಯ ಉಡುಪಿನಲ್ಲೇ ಬಂದವರು ಕೆಲವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

ಈ ಸೋಮವಾರದ ವಾದನವನ್ನು 1916ರಲ್ಲಿ, ಮಹಾಯುದ್ಧದ ನಡುವೆ, ಆರಂಭಿಸಿದವರು ಹೆರಾಲ್ಡ್ ಡಾರ್ಕ್. 1966ರ ವರೆಗೆ, ಐವತ್ತು ವರ್ಷ, ಅವರೇ ಆ ಇಗರ್ಜಿಯ ವಾದಕರಾಗಿದ್ದರು. ಹಣದ ಪೇಟೆಯ ನಟ್ಟನಡುವೆ, ಊಟದ ಬಿಡುವಿನಲ್ಲಿ, ಬೆಲೆ ಕಟ್ಟದೆ ಕೊಟ್ಟದ್ದು ಸಣ್ಣ ಮಾತಲ್ಲ.

ಹೊರಡುವಾಗ ಬಾಗಿಲ ಬಳಿಯ ತಟ್ಟೆಗೆ ಒಂದು ಪೌಂಡ್ ಹಾಕಿದೆ. ಲೆಕ್ಕ ಚುಕ್ತಾ ಆಯಿತೆಂದು ಮನಸ್ಸು ಒಪ್ಪಲಿಲ್ಲ. ನೆನಪಾದದ್ದು ಊರಿನ ನಮ್ಮ ಶಾಖೆಗೆ ಬಂದಿದ್ದ ಒಬ್ಬ ಅಜ್ಜಿ. ಹಣ ತೆಗೆಯುವ ಚೀಟಿಯಲ್ಲಿ ಮಲಯಾಳವಿತ್ತು, ಇಂಗ್ಲಿಷಿತ್ತು, ಕನ್ನಡವಿರಲಿಲ್ಲ. "ಇದೊಂದು ಬರೆದು ಕೊಡು ಮಗಾ" ಎಂದರು. ಒಂದು ಗಂಟೆ ಹೊಡೆದಿತ್ತು. "ಊಟದ ಹೊತ್ತು, ಎರಡು ಗಂಟೆಗೆ ಬನ್ನಿ ಅಮ್ಮ" ಎಂದು ಎದ್ದುಹೋದೆ. ತಿರುಗಿ ಬಂದಾಗ ಅವರಿರಲಿಲ್ಲ. ಊರಿನ ಬಸ್ಸು ಹೊರಟಿರಬೇಕು.

ಊಟದ ಬಿಡುವು ನನ್ನ ಹಕ್ಕು, ನಿಜ. ನಾನು ನಿಯಮ ಮುರಿಯಲಿಲ್ಲ. ಡಾರ್ಕ್ ಅವರೂ ಆ ಹೊತ್ತಿನಲ್ಲಿ ಸುಮ್ಮನೆ ಉಂಡು ಕುಳಿತಿದ್ದರೆ ಯಾವ ನಿಯಮವೂ ಮುರಿಯುತ್ತಿರಲಿಲ್ಲ. ನಿಯಮದ ಮಾತು ಮುಗಿದ ಮೇಲೆಯೇ ಮನುಷ್ಯನ ಮಾತು ಆರಂಭವಾಗುವುದೆಂದು ಈಗ ತೋರುತ್ತದೆ.

ನಾವು ಕನ್ನಡದವರು 'ಉಚಿತ' ಎನ್ನುವುದನ್ನು ನೆರೆಯ ಮಲಯಾಳದವರು 'ಸೌಜನ್ಯಂ' ಎನ್ನುತ್ತಾರೆ. ಉಚಿತವೆಂದರೆ ತಕ್ಕದ್ದು ಎಂದೂ ಅರ್ಥವುಂಟು, ಸೌಜನ್ಯವೆಂದರೆ ಒಳ್ಳೆಯತನ. ಗಡಿನಾಡಿನ ನಮ್ಮ ಕಿವಿಗೆ ಎರಡೂ ನಿತ್ಯ ಬೀಳುತ್ತವೆ. ಕೊಡುವುದು ಅವರ ಸೌಜನ್ಯ. ಪಡೆದ ಮೇಲೆ ನಾವು ಮಾಡುವುದು ಉಚಿತವಾಗಿರಬೇಕು. ಕೊಟ್ಟವರಿಗೇ ಹಿಂತಿರುಗಿಸಲಾಗದ ಋಣವನ್ನು ಕೇಳಿ ಬಂದವರಿಗೆ ಸಲ್ಲಿಸುವುದೇ ತಕ್ಕದ್ದೆಂದು ನನ್ನ ತಿಳಿವಳಿಕೆ.

ಆ ಅಜ್ಜಿ ಮತ್ತೆ ಬಂದುದನ್ನು ನಾನು ಕಾಣಲಿಲ್ಲ. ಈಗ ಬುತ್ತಿ ಬಿಚ್ಚುವ ಮೊದಲು ಹೊರಗಿನ ಬೆಂಚಿನಲ್ಲಿ ಚೀಟಿ ಹಿಡಿದು ಯಾರಾದರೂ ಕುಳಿತಿದ್ದಾರೆಯೇ ಎಂದು ಒಮ್ಮೆ ನೋಡಿ ಬರುತ್ತೇನೆ.