ಚೋದನೆ ಎಲ್ಲಿಂದ?

ಹಗಲಿಡೀ ಕಣ್ಣೆಳೆಯುವ ನಿದ್ದೆ, ಮರೆವು, ಯಾವ ಕೆಲಸಕ್ಕೂ ಏಳದ ಮೈ. ಅತ್ತೆಯ ಪಾಲಿಗೆ ಸೊಸೆ ಮೈಗಳ್ಳಿ. ಗೀತೆಯ 14ನೇ ಅಧ್ಯಾಯ ಓದಿಕೊಂಡ ಮಾವನಿಗೆ ಅದು ತಮೋಗುಣ. ಪ್ರಮಾದ, ಆಲಸ್ಯ, ನಿದ್ರೆಗಳಿಂದ ಜೀವಿಯನ್ನು ಕಟ್ಟಿಹಾಕುವುದೇ ತಮಸ್ಸಿನ ಕೆಲಸವಲ್ಲವೇ? ಲ್ಯಾಬಿನ ಚೀಟಿ ಮಾತ್ರ ಟಿಎಸ್‌ಎಚ್ ಏರಿದೆ, ಅಂದರೆ ಥೈರಾಯ್ಡ್ ಗ್ರಂಥಿ ಸೋತಿದೆ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಹಾಗಾದರೆ ಸ್ವಭಾವ ಯಾರದು, ಆತ್ಮದ್ದೋ ಗ್ರಂಥಿಯದ್ದೋ?

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯ ಜಾರ್ಜ್ ಮರ್ರೆ ಬಳಿಗೆ 46 ವರ್ಷದ ಮಹಿಳೆಯೊಬ್ಬರು ಬಂದರು. ಮುಖ ಊದಿತ್ತು, ಮಾತು ತಡವರಿಸುತ್ತಿತ್ತು. ಮರ್ರೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಚುಚ್ಚಿದರು. ಕೆಲವೇ ತಿಂಗಳಲ್ಲಿ ಆಕೆ ಚುರುಕಾದರು. 74 ತುಂಬುವವರೆಗೂ ಬದುಕಿದರು. ಅಷ್ಟು ಹೊತ್ತಿಗೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಖರ್ಚಾಗಿತ್ತು. ಜಪತಪಕ್ಕೆ ಬಗ್ಗದ ತಮಸ್ಸು ಕುರಿಗೆ ಬಗ್ಗಿತು! 1949ರಲ್ಲಿ ವೈದ್ಯ ರಿಚರ್ಡ್ ಆಶರ್ ಇಂಥ 14 ರೋಗಿಗಳ ಬಗ್ಗೆ ಬರೆದರು. ಅವರದು ಭ್ರಮೆ, ಸಂಶಯ, ನೋಡುವವರಿಗೆ ಬರೀ ಹುಚ್ಚು. ಥೈರಾಯ್ಡ್ ಕೊರತೆ ನೀಗಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಚಾರ್ವಾಕರು ಇದನ್ನು ಕೇಳಿದ್ದರೆ ಕುಣಿದಾಡುತ್ತಿದ್ದರು. ಕಿಣ್ವ ಬೆರೆತು ಅಮಲು ಹುಟ್ಟುವ ಹಾಗೆ ನೆಲ, ನೀರಿನಂಥ ಭೂತಗಳು ಕೂಡಿ ಚೈತನ್ಯ ಹುಟ್ಟುತ್ತದೆ ಎಂಬುದು ಅವರ ವಾದ. (ಅದೇ ಕಿಣ್ವ ಈಗ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಎನ್‌ಜೈಮ್ ಆಗಿ ಕೂತಿದೆ.) ಸಾಂಖ್ಯರು ಮಾತ್ರ ಬೆಚ್ಚುವವರಲ್ಲ. ಅವರ ಲೆಕ್ಕದಲ್ಲಿ ಬುದ್ಧಿ, ಅಹಂಕಾರ, ಮನಸ್ಸು ಎಲ್ಲವೂ ಪ್ರಕೃತಿಯವೇ; ಪುರುಷ ಬರೀ ಸಾಕ್ಷಿ. ಮಾತ್ರೆಯಿಂದ ಮನಸ್ಸು ಬದಲಾದರೆ ಜಡಕ್ಕೆ ಜಡ ತಾಗಿತು, ಅಷ್ಟೇ.

ಉತ್ತರ ಜಾಣತನದ್ದು, ಆದರೆ ಹೊಣೆ ಯಾರದೆಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಇಲ್ಲಿ ಮೀಮಾಂಸಕರು ನೆನಪಾಗುತ್ತಾರೆ. ಅವರಿಗೆ ಚೋದನೆ ಎಂದರೆ ಕರ್ಮಕ್ಕೆ ತೊಡಗಿಸುವ ವೇದವಿಧಿ. 1905ರಲ್ಲಿ ಶರೀರವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದ ಹಾರ್ಮೋನು ಎಂಬ ಪದದ ಗ್ರೀಕ್ ಮೂಲಕ್ಕೂ ಚೋದಿಸುವುದು ಎಂದೇ ಅರ್ಥ. ವಿಧಿ ಏಳು ಎನ್ನುತ್ತದೆ, ಏಳಿಸುವ ರಸ ರಕ್ತದಲ್ಲಿಲ್ಲ. ಆಗ ಮಲಗಿದ್ದು ತಪ್ಪೇ? ಯಾಗಕ್ಕೆ ಅಧಿಕಾರಿಯಾಗಲು ಬಯಕೆಯೊಂದೇ ಸಾಲದು, ಸಾಮರ್ಥ್ಯವೂ ಬೇಕೆಂದು ಮೀಮಾಂಸಕರೇ ಷರತ್ತು ಹಾಕಿದ್ದರು. ಅತ್ತೆ ಮಾವಂದಿರು ಆ ಷರತ್ತನ್ನು ಮರೆತಿದ್ದಾರೆ.

ಸೊಸೆಯ ಸಾಮರ್ಥ್ಯ ಸದ್ಯಕ್ಕೆ ಥೈರಾಕ್ಸಿನ್ ಮಾತ್ರೆಯಲ್ಲಿದೆ. ಅದನ್ನು ದಿನವೂ ಖಾಲಿ ಹೊಟ್ಟೆಗೆ ಮರೆಯದೆ ನುಂಗುವ ಹೊಣೆ ಅವಳದೇ. ಕಾಫಿ ಅರ್ಧ ಗಂಟೆ ಕಾಯಬೇಕು.